ಹಳ್ಳದ ತುಂಬ ಪಾನಕ

"ಗುರುಗಳೇ, ನಮ್ಮದು ಬಡವರ ನಾಡು. ಮೊದಲು ಹೊಟ್ಟೆ ತುಂಬಲಿ, ಕೈಗೆ ಕೆಲಸ ಸಿಗಲಿ, ಹೊಳೆ ಹಳ್ಳ ಕೆಟ್ಟರೆ ಆಮೇಲೆ ನೋಡಿಕೊಳ್ಳೋಣ ಅಂತ ಪೇಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ತಪ್ಪೇ?" ಎಂದು ಶಿಷ್ಯ ಕೇಳಿದ.

"ಹಸಿದವರ ಮಾತನ್ನು ತಪ್ಪು ಅನ್ನಲು ನಾನು ಯಾರು? ಒಂದು ಮದುವೆಯ ಕತೆ ಇದೆ, ಕೂತುಕೋ," ಎಂದು ಗುರುಗಳು ಹೇಳತೊಡಗಿದರು.

ಒಂದು ಹಳ್ಳ. ಅದರ ಮೇಲ್ಗಡೆ ಒಂದು ಊರು, ಕೆಳಗಡೆ ಒಂದು ಊರು. ಮೇಲಿನ ಊರಲ್ಲಿ ಒಬ್ಬ ಬಣ್ಣಗಾರ ಇದ್ದ. ಕೆಳಗಿನ ಊರಿನ ತುಂಬ ನೇಕಾರರು. ಇವನು ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದ, ಅವರು ಸೀರೆ ನೇಯುತ್ತಿದ್ದರು.

ಬಣ್ಣಗಾರ ಕಷ್ಟದಿಂದ ಮೇಲೆ ಬಂದವನು. ಅವನಪ್ಪನ ಕಾಲದಲ್ಲಿ ಬಣ್ಣದ ಬಾನಿ ಒಂದೇ ಇತ್ತು, ಅದೂ ಸೋರುತ್ತಿತ್ತು. ಈಗ ಅಂಗಳದ ತುಂಬ ಬಾನಿಗಳು. ಅರ್ಧ ಊರಿಗೆ ಅವನಲ್ಲೇ ಕೂಲಿ. ನೂಲು ಜಾಲಿಸಿದ ನೀರು ಹಳ್ಳಕ್ಕೆ ಹೋಗುತ್ತಿತ್ತು. ಹಳ್ಳ ಹುಣಸೆ ತೋಪಿನ ಹಿಂದೆ ತಿರುಗಿ ಮರೆಯಾಗುತ್ತಿತ್ತು. ಮರೆಯಾದದ್ದರ ಬಗ್ಗೆ ಅವನು ತಲೆ ಕೆಡಿಸಿಕೊಂಡವನಲ್ಲ.

ಹಳ್ಳದ ನೀರು ಕೆಟ್ಟಿದೆ ಎಂದು ಕೆಳಗಿನ ಊರವರು ಒಮ್ಮೆ ಬಂದು ಹೇಳಿಕೊಂಡರು. ಅವನು ಅವರನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ನಯವಾಗಿಯೇ ಹೇಳಿದ: "ನಮ್ಮೂರು ಈಗಷ್ಟೇ ತಲೆ ಎತ್ತಿದೆ. ಇನ್ನೊಂದಿಷ್ಟು ವರ್ಷ ತಡ್ಕೊಳ್ಳಿ. ಆಮೇಲೆ ಹಳ್ಳ ತೊಳೆದು ಕೊಡ್ತೀನಿ." ಅವನ ನೂಲಿಲ್ಲದೆ ಅವರ ಮಗ್ಗ ಆಡುವಂತಿರಲಿಲ್ಲ. ಬೆಲ್ಲ ತಿಂದು, ನೀರು ಕುಡಿದು, ಎದ್ದು ಹೋದರು.

ಅವನಿಗೆ ಒಬ್ಬಳೇ ಮಗಳು. ನೂಲು ಒಯ್ಯಲು ಬರುತ್ತಿದ್ದ ನೇಕಾರರ ಹುಡುಗನೊಬ್ಬ ಅವಳಿಗೆ ಹಿಡಿಸಿದ. ಕೆಂಪು ನೂಲು ಬೇಕೆಂದು ಬಂದವನು ಹಳದಿ ಒಯ್ಯುವುದು, ಮರುದಿನ ಅದನ್ನು ಬದಲಾಯಿಸಲು ಮತ್ತೆ ಬರುವುದು ಶುರುವಾದಾಗ ಬಣ್ಣಗಾರನಿಗೆ ವಿಷಯ ತಿಳಿಯಿತು.

"ಹುಡುಗ ಒಳ್ಳೆಯವನೇ. ಬಣ್ಣದ ಗುರುತಿಲ್ಲ, ಅಷ್ಟೇ," ಎಂದು ಒಪ್ಪಿಕೊಂಡ.

ಮದುವೆ ಗಂಡಿನ ಊರಲ್ಲಿ. ಆದರೂ ಮಗಳು ಹೊರಡುವ ಅಂಗಳ ಲಕ್ಷಣವಾಗಿರಬೇಡವೇ? ಮದುವೆ ಸೀರೆಗಳಿಗೆಂದು ಆ ವಾರವೆಲ್ಲ ಕೆಂಪು ಬಣ್ಣವನ್ನೇ ಕಲಸಿದ್ದರು. ಹಿಂದಿನ ಸಂಜೆ ಬಣ್ಣಗಾರ ಎಲ್ಲ ಬಾನಿಗಳನ್ನೂ ಬಗ್ಗಿಸಿ ಖಾಲಿ ಮಾಡಿಸಿದ, ತಿಕ್ಕಿಸಿದ, ತೊಳೆಸಿದ. ಅಂಗಳ ಥಳಥಳ ಹೊಳೆಯಿತು. ಬಣ್ಣವೆಲ್ಲ ಹಳ್ಳ ಸೇರಿತು. ಬೆಳಗಾದ ಮೇಲೆ ದಿಬ್ಬಣ ಹೊರಟಿತು.

ತಾಳಿ ಕಟ್ಟಿದ ಮೇಲೆ ಕೆಳಗಿನ ಊರಿನಲ್ಲಿ ಒಂದು ಪದ್ಧತಿ. ಹೊಸ ಸೊಸೆ ಹಳ್ಳಕ್ಕೆ ಹೋಗಿ, ಗಂಗೆಪೂಜೆ ಮಾಡಿ, ಒಂದು ಕೊಡ ನೀರು ತರಬೇಕು. ಮೊದಲ ಲೋಟ ಅವಳ ತಂದೆಗೆ. ಈ ನೀರಿನ ಮನೆಗೆ ಮಗಳನ್ನು ಕೊಟ್ಟೆ ಅಂತ ಅವನು ಹತ್ತು ಜನರ ಎದುರು ಕುಡಿದು ಒಪ್ಪಬೇಕು.

ಮಗಳು ಕೊಡ ಇಳಿಸಿ ಲೋಟಕ್ಕೆ ನೀರು ಬಗ್ಗಿಸಿ ತಂದೆಯ ಮುಂದೆ ಹಿಡಿದಳು. ನೀರು ಕೆಂಪಗಿತ್ತು.

ಚಪ್ಪರದಲ್ಲಿದ್ದವರೆಲ್ಲ ಲೋಟದತ್ತ ಕತ್ತು ಚಾಚಿದರು. ಆಮೇಲೆ ಗಂಡಿನ ಅಜ್ಜಿ ಬಾಯಿ ಬಿಟ್ಟಳು: "ನೋಡ್ರೇ, ನಮ್ಮ ಬೀಗರು ಎಷ್ಟು ದೊಡ್ಡ ಮನಸ್ಸಿನವರು. ಮದುವೆಗೆ ಹಳ್ಳದ ತುಂಬ ಪಾನಕ ಕಳಿಸಿದ್ದಾರೆ."

ಹೆಂಗಸರಿಗೆ ಅಷ್ಟು ಸಾಕಾಯಿತು.

"ನಮ್ಮೂರ ಎಮ್ಮೆಗಳಿಗೆ ವರ್ಷವಿಡೀ ಓಕುಳಿ, ಬೀಗರೇ," ಎಂದಳು ಒಬ್ಬಳು.

"ನಮಗೆ ಪಂಚಾಂಗ ಯಾಕೆ? ಹಸಿರು ಬಂದರೆ ಸೋಮವಾರ, ನೀಲಿ ಬಂದರೆ ಗುರುವಾರ," ಎಂದಳು ಇನ್ನೊಬ್ಬಳು.

ಹೆಣ್ಣಿನ ಕಡೆಯವರೂ ನಕ್ಕರು. ಬಣ್ಣಗಾರನೂ ನಕ್ಕ. ಬೀಗರ ತಮಾಷೆಗೆ ನಗದಿದ್ದರೆ ಹೇಗೆ? ನಗುತ್ತಲೇ ಲೋಟಕ್ಕೆ ಕೈ ಹಾಕಿದ. ಆಗ ಮಗಳ ಕೈ ಕಣ್ಣಿಗೆ ಬಿತ್ತು. ಅರಿಸಿನ ಹಚ್ಚಿದ ಕೈ ಮಣಿಕಟ್ಟಿನವರೆಗೂ ಕೆಂಪಾಗಿತ್ತು, ಅವನ ಆಳುಗಳ ಕೈಯ ಹಾಗೆ.

"ದಿನಾ ಇದನ್ನೇ ಕುಡೀತೀರಾ?" ಎಂದು ಗಂಡಿನ ತಂದೆಯನ್ನು ಮೆಲ್ಲಗೆ ಕೇಳಿದ.

"ಇಲ್ಲ ಬೀಗರೇ. ಗುಡ್ಡದ ಆಚೆ ಒಂದು ಬಾವಿ ಇದೆ. ಹೆಂಗಸರು ಬೆಳಗಾಗುವ ಮೊದಲೇ ಹೋಗ್ತಾರೆ. ನಾಳೆಯಿಂದ ನಿಮ್ಮ ಮಗಳೂ ಹೋಗ್ತಾಳೆ."

ಬಣ್ಣಗಾರ ಲೋಟ ಎತ್ತಿ ಗಟಗಟ ಕುಡಿದುಬಿಟ್ಟ. ಮಗಳು ತಡೆಯಲು ಕೈ ಚಾಚುವಷ್ಟರಲ್ಲಿ ಲೋಟ ಬರಿದಾಗಿತ್ತು.

"ಎಲೆ ಅಡಿಕೆ ಕೊಡುವ ಮೊದಲೇ ಬೀಗರ ಬಾಯಿ ಕೆಂಪಾಯಿತು," ಎಂದಳು ಅಜ್ಜಿ.

ಈ ಸಲ ಅವನು ನಗಲಿಲ್ಲ. "ನಾಳೆಯೇ ಬಾನಿಗಳನ್ನೆಲ್ಲ ಒಡೆದು ಹಾಕ್ತೀನಿ," ಎಂದ.

ಗಂಡಿನ ತಂದೆಗೆ ಗಾಬರಿಯಾಯಿತು. "ಒಡೆದರೆ ನಿಮ್ಮೂರ ಒಲೆ ಆರುತ್ತದೆ, ನಮ್ಮೂರ ಮಗ್ಗ ನಿಲ್ಲುತ್ತದೆ. ಮದುವೆಗೆ ಬಿಳಿ ಸೀರೆ ನೇಯೋಣವೇ? ಬಣ್ಣ ಬೇಡ ಅಂದವರು ಯಾರು ಬೀಗರೇ? ನೂಲಲ್ಲಿ ಇರಲಿ, ನೀರಲ್ಲಿ ಬೇಡ."

ಮದುವೆಯ ಚಪ್ಪರ ಬಿಚ್ಚುವ ಮೊದಲೇ ಎರಡೂ ಊರಿನವರು ಗುದ್ದಲಿ ಹಿಡಿದು ಬಣ್ಣಗಾರನ ಅಂಗಳದ ಹಿಂದೆ ನಿಂತರು. ಜಾಲಿಸಿದ ನೀರು ಇಂಗಿ, ಸೋಸಿ ಹೋಗಲೆಂದು ಗುಂಡಿಗಳನ್ನು ತೋಡಿದರು. ಒಂದಕ್ಕೆ ಮರಳು, ಇನ್ನೊಂದಕ್ಕೆ ಇದ್ದಿಲು. ಮದುವೆ ಅಡುಗೆಯ ಒಲೆಯ ಇದ್ದಿಲೇ ಮೊದಲು ಬಿತ್ತು. ಉಳಿದ ಲಾಡುಗಳನ್ನು ಗುಂಡಿಯ ದಂಡೆಯ ಮೇಲೆ ಕೂತು ತಿಂದು ಮುಗಿಸಿದರು.

ಮೊದಲ ಮಳೆಗೆ ಗುಂಡಿ ಕೊಚ್ಚಿಹೋಯಿತು. ಮತ್ತೆ ತೋಡಿದರು. ಹಳ್ಳ ತಿಳಿಗೆಂಪಾಗಿ ಹರಿಯಿತು. "ಮೊದಲು ಕುಂಕುಮ ಇತ್ತು, ಈಗ ಬರೀ ನಾಚಿಕೆ ಇದೆ. ಇನ್ನೂ ಸ್ವಲ್ಪ ತೋಡಿ," ಎಂದು ಅಜ್ಜಿ ಹೇಳಿ ಕಳಿಸಿದಳು. ಇನ್ನೂ ಸ್ವಲ್ಪ ತೋಡಿದರು.

ಬಣ್ಣಗಾರನ ಕೆಲಸ ನಿಧಾನವಾಯಿತು. ಜಾಲಿಸಿದ ನೀರನ್ನು ಎತ್ತಿಟ್ಟು ಮರುದಿನದ ಬಾನಿಗೆ ಹೊಯ್ಯಬೇಕು, ಗುಂಡಿಯ ಕೆಸರು ಬಾಚಬೇಕು. ಆತುರದ ವ್ಯಾಪಾರಿಗಳು ಬೇರೆ ಊರು ನೋಡಿಕೊಂಡರು. ಕಟ್ಟಬೇಕೆಂದಿದ್ದ ಮಹಡಿಯನ್ನು ಅವನು ಕಟ್ಟಲಿಲ್ಲ. ಆದರೆ ಕೂಲಿ ತಪ್ಪಿ ಮನೆಗೆ ಹೋದವರು ಯಾರೂ ಇಲ್ಲ. ಬಾನಿ ಬಿಟ್ಟ ಕೈಗೆ ಗುಂಡಿಯಲ್ಲಿ ಕೆಲಸವಿತ್ತು.

ಹಬ್ಬಕ್ಕೆ ಮಗಳ ಮನೆಗೆ ಹೋದ. ಅವಳು ಹಳ್ಳದ ನೀರು ತಂದುಕೊಟ್ಟಳು. ಅವನು ಲೋಟವನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಳ ಕಾಣುತ್ತದೆಯೋ ಎಂದು ಇಣುಕಿದ.

"ಕುಡಿಯಪ್ಪ, ಇದರಲ್ಲಿ ನೀನಿಲ್ಲ," ಎಂದಳು ಮಗಳು.

ಅವನು ನಕ್ಕು ಕುಡಿದ. ಇನ್ನೊಂದು ಲೋಟ ಕೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನೂ ನಗುತ್ತಿದ್ದ. ಆದರೆ ಅವನ ಪ್ರಶ್ನೆ ಇನ್ನೂ ತೀರಿರಲಿಲ್ಲ.

"ಬಣ್ಣಗಾರನಿಗೆ ಕೆಳಗಿನ ಊರಿನಲ್ಲಿ ಮಗಳಿದ್ದಳು, ಸರಿ. ಕೆಳಗೆ ಯಾರೂ ಇಲ್ಲದವರು ಯಾರ ಮುಖ ನೋಡಿ ಗುಂಡಿ ತೋಡಬೇಕು, ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ಇನ್ನೂ ಹುಟ್ಟದವರ ಊರು ಎಲ್ಲರ ಊರಿಗಿಂತಲೂ ಕೆಳಗಿದೆಯಪ್ಪ, ಅಲ್ಲಿಗೆ ಮಗಳನ್ನು ಕೊಡದ ಮನೆ ಯಾವುದಿದೆ?"