ಸುಣ್ಣ ಬಳಿಯದ ಗೋಡೆ

“ಕೇಳಿರಪ್ಪೋ ಕೇಳಿ! ಸುರಗಿಪುರದ ರಸಶಾಲೆಗೆ ಗುರು ಬೇಕಾಗಿದ್ದಾರೆ. ಮಹಾರಾಜ ಗಜವರ್ಮರು ಮೂರು ಒಗಟು ಕೇಳುತ್ತಾರೆ. ಬಿಡಿಸಿ ಮುಗಿಸಿದವರಿಗೆ ಗುರುಪೀಠ, ಮೇಲೆ ಬೇಡಿದ್ದೊಂದು ವರ. ತಪ್ಪಿದವರ ತಲೆ ಹೊತ್ತು ಮುಳುಗುವಾಗ ಮೈಮೇಲೆ ಇರುವುದಿಲ್ಲ!” ಎಂದು ಊರೆಲ್ಲ ಡಂಗುರ ಹೊಡೆಸಲಾಯಿತು.

ರಸಶಾಲೆ ಎಂದರೇನು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾವ ವಸ್ತು ಯಾವುದರ ಜೊತೆ ಸೇರಿದರೆ ಏನಾಗುತ್ತದೆ ಎಂದು ಮಕ್ಕಳಿಗೆ ಕಲಿಸುವ ಶಾಲೆ ಅದು. ಈಗಿನವರು ಹೈಸ್ಕೂಲಿನಲ್ಲಿ ಓದುವ ರಸಾಯನಶಾಸ್ತ್ರವೇ ಎಂದುಕೊಳ್ಳಿ. ಹಿಂದಿನ ಗುರುವಿಗೆ ಗ್ರಂಥದ ಮುನ್ನೂರು ಓಲೆಗಳೂ ಬಾಯಿಪಾಠವಾಗಿದ್ದವು. ಆದರೂ ಒಂದು ದಿನ ಎರಡು ಪುಡಿ ಬೆರೆಸಿ ಶಾಲೆಯ ಚಾವಣಿಯನ್ನೇ ಹಾರಿಸಿದ್ದ. ಒಳಗಿದ್ದ ರಾಜಕುಮಾರನ ಹುಬ್ಬು ಸುಟ್ಟು ಹೋಗಿತ್ತು. ತಪ್ಪಿದವರ ತಲೆ ತೆಗೆಯುವಷ್ಟು ರಾಜನಿಗೆ ಸಿಟ್ಟು ಬರಲು ಕಾರಣ ಇದೇ.

ಆ ದಿನ ಅರಮನೆಯ ಅಂಗಳಕ್ಕೆ ಮೂವರು ಬಂದರು. ವೈದ್ಯರ ಮಗ ಶ್ರೀಕಂಠ, ವ್ಯಾಪಾರಿಯ ಮಗ ಪಂಪಣ್ಣ, ಸುಣ್ಣ ಸುಡುವವರ ಮನೆಯ ನಿಂಗರಾಜ. ನಿಂಗರಾಜ ಹತ್ತನೇ ವಯಸ್ಸಿಗೇ ಭಟ್ಟಿ ಬಿಟ್ಟು ಓದಲು ಹೋದವನು. ಅವನ ತಂಗಿ ದ್ಯಾಮಿ ಬುತ್ತಿ ಹಿಡಿದು ಹಿಂದೆಯೇ ಬಂದಿದ್ದಳು. ನಿಂತಲ್ಲಿ ನಿಲ್ಲದೆ ಕಂಬದಿಂದ ಕಂಬಕ್ಕೆ ಓಡಾಡುತ್ತಿದ್ದಳು.

“ಮೊದಲನೆಯದು,” ಎಂದ ರಾಜ. “ಬೆಂಕಿಯಲ್ಲಿ ಬೆಂದರೆ ಹಗುರಾಗುತ್ತದೆ. ತಣ್ಣೀರು ಕುಡಿದರೆ ಕುದಿಯುತ್ತದೆ. ಗಾಳಿ ತಿಂದು ಮತ್ತೆ ಕಲ್ಲಾಗುತ್ತದೆ. ಏನದು?”

“ಕರ್ಪೂರ!” ಎಂದ ಶ್ರೀಕಂಠ. “ಉಪ್ಪು!” ಎಂದ ಪಂಪಣ್ಣ. ಇಬ್ಬರನ್ನೂ ಭಟರು ತಲೆ ಕಡಿಯಲು ಕಾದಿದ್ದ ಕೊಡಲಿಯವನ ಪಕ್ಕಕ್ಕೆ ಕರೆದೊಯ್ದರು.

“ಸುಣ್ಣದ ಕಲ್ಲು, ಹದಿನೇಳನೇ ಓಲೆ,” ಎಂದ ನಿಂಗರಾಜ. ಜನ ಚಪ್ಪಾಳೆ ಹೊಡೆದರು.

“ಎರಡನೆಯದು. ಹಳದಿ ಸೀರೆಯವಳೊಬ್ಬಳಿದ್ದಾಳೆ. ಒಬ್ಬ ನೆಂಟ ಬಂದರೆ ಕೆಂಪು ಸೀರೆ ಉಡುತ್ತಾಳೆ, ಇನ್ನೊಬ್ಬ ಬಂದರೆ ಮತ್ತೆ ಹಳದಿ. ಅವಳಾರು, ನೆಂಟರಾರು?”

ನಿಂಗರಾಜ ಕಣ್ಣು ಮುಚ್ಚಿ ಮುನ್ನೂರು ಓಲೆಗಳನ್ನೂ ಮನಸ್ಸಿನಲ್ಲೇ ಮಗುಚಿದ. “ಗೋಸುಂಬೆ...” ಎಂದ ಮೆಲ್ಲಗೆ.

ಅವನನ್ನೂ ಕರೆದೊಯ್ದರು. ದ್ಯಾಮಿ ಬುತ್ತಿಯನ್ನು ಎದೆಗವಚಿಕೊಂಡಳು. ಒಗಟು ಬಿಡಿಸಿ ಮುಗಿಸಿದವರಿಗೆ ಬೇಡಿದ ವರ ಸಿಗುತ್ತದಲ್ಲವೇ? ಅಣ್ಣನ ಪ್ರಾಣವನ್ನೇ ಬೇಡಬಹುದಲ್ಲವೇ? ಇಷ್ಟು ಯೋಚಿಸುವಷ್ಟರಲ್ಲಿ ಅವಳು ಅಂಗಳದ ನಡುವೆ ಬಂದಾಗಿತ್ತು.

“ಬುದ್ದೀ, ನಾನು ಹೇಳ್ತೀನಿ.”

“ಓದು ಬರುತ್ತದೆಯೇನಮ್ಮ?” ಎಂದ ಮಂತ್ರಿ.

“ಇಲ್ಲ. ಅಡುಗೆ ಬರುತ್ತೆ.”

ಜನ ನಕ್ಕರು. ದ್ಯಾಮಿ ಬುತ್ತಿ ಬಿಚ್ಚಿದಳು. ಚಿತ್ರಾನ್ನ ಕಟ್ಟಿದ್ದ ಬಿಳಿ ಬಟ್ಟೆಗೆ ಅರಿಶಿನದ ಹಳದಿ ಕಲೆ ಹತ್ತಿತ್ತು. ಸೊಂಟದ ಚೀಲದಿಂದ ಒಂದಿಷ್ಟು ಸುಣ್ಣ ತೆಗೆದು, ನೀರು ಹನಿಸಿ ಉಜ್ಜಿದಳು. ಕಲೆ ಕೆಂಪಾಯಿತು. ಅನ್ನದ ಮೇಲಿದ್ದ ನಿಂಬೆಹೋಳನ್ನು ಹಿಂಡಿದಳು. ಕಲೆ ಮತ್ತೆ ಹಳದಿಯಾಯಿತು.

“ಅವಳು ಅರಿಶಿನ. ಮೊದಲ ನೆಂಟ ಸುಣ್ಣ, ಎರಡನೆಯವನು ನಿಂಬೆಹುಳಿ.” ಹಾಗೆಂದವಳೇ ಕೊಡಲಿಯವನ ಪಕ್ಕದಲ್ಲಿದ್ದ ನಿಂಗರಾಜನ ಕಡೆ ತಿರುಗಿ ರೇಗಿದಳು. “ಅಣ್ಣಾ, ಆರತಿ ತಟ್ಟೆಯ ಕೆಂಪು ನೀರು ನೀನು ನೋಡೇ ಇಲ್ವೇನೋ?”

“ನೋಡಿದ್ದೆ ಕಣೇ. ಅರಿಶಿನದ್ದು ಒಂದು ಓಲೆ, ಸುಣ್ಣದ್ದು ಇನ್ನೊಂದು. ಎರಡೂ ಸೇರಿದ್ದು ಯಾವ ಓಲೆಯಲ್ಲೂ ಇರಲಿಲ್ಲ.”

ರಾಜನ ಮೀಸೆ ಅಲುಗಿತು. ಬಿಸಿಲು ಕೋಟೆಗೋಡೆಯ ತುದಿಗೆ ಏರಿತ್ತು, ಅಂದರೆ ಹೆಚ್ಚು ಹೊತ್ತು ಉಳಿದಿರಲಿಲ್ಲ.

“ಕೊನೆಯದು. ಈ ವಿದ್ಯೆ ಕಲಿಯುವವರ ಬಳಿ ಒಂದು ಪುಸ್ತಕ ಇರಬೇಕು. ಅದರಲ್ಲಿ ಬರೆದದ್ದು ಒಂದೂ ಸರಿಯಿರುವುದಿಲ್ಲ. ಆದರೂ ಅದಿಲ್ಲದವರು ನನ್ನ ರಸಶಾಲೆಗೆ ಕಾಲಿಡಬಾರದು. ಯಾವುದದು?”

ದ್ಯಾಮಿ ಮತ್ತೆ ಓಡಾಡತೊಡಗಿದಳು.

“ಒಂದು ಕಡೆ ನಿಲ್ಲಮ್ಮ, ತಲೆ ತಿರುಗುತ್ತಿದೆ,” ಎಂದ ಮಂತ್ರಿ.

“ನಿಂತರೆ ನನ್ನ ತಲೆ ಓಡಲ್ಲ ಸ್ವಾಮಿ!”

ಪುಸ್ತಕ? ಅವಳು ಪುಸ್ತಕ ಮುಟ್ಟಿದವಳೇ ಅಲ್ಲ. ಕೊಡಲಿಯವನು ಎದ್ದು ನಿಂತ. ಅವಳು ಗಾಬರಿಯಿಂದ ಅಂಗೈ ಉಜ್ಜಿಕೊಂಡಳು. ಬೆರಳ ಸಂದಿಯಲ್ಲಿ ಬೆಳಗಿನ ಇದ್ದಿಲ ಮಸಿ ಹಾಗೇ ಇತ್ತು. ಅದನ್ನು ಕಂಡದ್ದೇ ಅವಳ ಕಾಲುಗಳು ನಿಂತವು.

“ಬುದ್ದೀ, ನಾವು ಸುಟ್ಟ ಸುಣ್ಣದಿಂದ ಊರಿನ ಗೋಡೆಯೆಲ್ಲ ಬೆಳ್ಳಗಿದೆ. ನಮ್ಮ ಭಟ್ಟಿಯ ಗೋಡೆಗೆ ಮಾತ್ರ ನಾವು ಬಳಿಯೋದಿಲ್ಲ. ಯಾಕಂದರೆ ಸುಡೋದು ಕೆಟ್ಟಾಗಲೆಲ್ಲ ಅಲ್ಲಿ ಇದ್ದಿಲಲ್ಲಿ ಒಂದು ಚಿತ್ರ ಬಿಡಿಸ್ತೀವಿ. ಅಪ್ಪ ಹಸಿ ಸೌದೆ ಒಟ್ಟಿ ಕಲ್ಲು ಬೇಯದೆ ಉಳಿದದ್ದು ಅಲ್ಲಿದೆ. ಸುಟ್ಟ ಕಲ್ಲನ್ನು ನಾನು ಮಳೆಗೆ ಬಿಟ್ಟು ಗಾಡಿಯೇ ಹೊತ್ತಿಕೊಂಡದ್ದೂ ಇದೆ. ಬೆಂಕಿ ಹಚ್ಚುವ ಮೊದಲು ಅದನ್ನು ನೋಡ್ತೀವಿ. ನೀವು ಕೇಳಿದ ಪುಸ್ತಕ ಅದೇ. ನಮ್ಮ ನಮ್ಮ ತಪ್ಪುಗಳದ್ದು.”

ರಾಜ ಸಿಂಹಾಸನದಿಂದ ಎದ್ದ.

“ಸರಿ. ಏನು ವರ ಬೇಕು?”

ಅಣ್ಣನೊಬ್ಬನ ಪ್ರಾಣ ಬೇಡಲೆಂದು ಬಂದವಳು ಕೊಡಲಿಯ ಪಕ್ಕ ನಿಂತಿದ್ದ ಮೂವರನ್ನೂ ನೋಡಿದಳು.

“ತಪ್ಪಿದವರ ತಲೆ ತೆಗೆದರೆ ಆ ಪುಸ್ತಕ ಬರೆಯೋರು ಯಾರು, ಬುದ್ದಿ?”

ಮೂವರನ್ನೂ ಬಿಡುವಂತೆ ರಾಜ ಕೈ ಬೀಸಿದ. ಕೊಡಲಿಯವನು ಕೊಡಲಿಯನ್ನು ಕೆಳಗಿಟ್ಟ.

ದ್ಯಾಮಿ ಗುರುಪೀಠ ಏರಿದಳು. ಓಲೆ ಓದುವುದನ್ನು ಅಣ್ಣನಿಂದ ಕಲಿತಳು, ಯಾಕೆಂದರೆ ಓಲೆಗಳೂ ಬೇಕೇ ಬೇಕು. ಆದರೆ ಓದಿದ ಪ್ರತಿ ಓಲೆಯನ್ನೂ ಮಕ್ಕಳು ಅವತ್ತೇ ಚಿಟಿಕೆಯಷ್ಟು ಮಾಡಿ ನೋಡಬೇಕಿತ್ತು. ಇದು ನಿನ್ನೆಯ ಓಲೆಗೆ ಹೇಗೆ ನೆಂಟ ಎಂದು ಪಕ್ಕದವರಿಗೆ ಹೇಳಬೇಕಿತ್ತು. ಹೊಸ ಚಾವಣಿ ಹೊದಿಸಿ ಶಾಲೆಗೆಲ್ಲ ಸುಣ್ಣ ಬಳಿದಾಗ ಅವಳು ಒಂದು ಗೋಡೆಯನ್ನು ಬಳಿಸದೆ ಹಾಗೇ ಉಳಿಸಿದ್ದಳು.

ಅದರ ಮೇಲೆ ಮೊದಲು ನಿಂಗರಾಜ ಇದ್ದಿಲು ಹಿಡಿದು ಗೋಸುಂಬೆಯೊಂದನ್ನು ಬರೆದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಶಾಲೆ ನೋಡಲು ಬಂದಿದ್ದ ರಾಜನೂ ನಕ್ಕ. ಆಮೇಲೆ ನಗು ನಿಲ್ಲಿಸಿ ನಿಂಗರಾಜನ ಕಡೆಗೆ ಕೈ ಚಾಚಿದ.

“ಆ ಇದ್ದಿಲು ಇತ್ತ ಕೊಡಪ್ಪ,” ಎಂದವನು ಗೋಸುಂಬೆಯ ಪಕ್ಕದಲ್ಲಿ ಒಂದು ಕೊಡಲಿ ಬರೆದ.