ಎಲೆ ತುದಿಯ ಉಪ್ಪು

ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಗುಳ್ಳಯ್ಯ ಕಿರುಬೆರಳಿನಿಂದ ಸವರಿ ಎಲೆಯಾಚೆಗೆ ಸರಿಸಿಬಿಡುತ್ತಿದ್ದ. ನೊಣ ಓಡಿಸುವವನ ಹಾಗೆ, ಯಾರಿಗೂ ಕಾಣದಂತೆ. ಸಾರು ಪಲ್ಯ ಹಾಕಿಸಿಕೊಳ್ಳುತ್ತಿರಲಿಲ್ಲ. ಸಪ್ಪೆ ಮಜ್ಜಿಗೆಯಲ್ಲಿ ಅನ್ನ ಕಲಸಿಕೊಂಡು ತಲೆ ಎತ್ತದೆ ಉಂಡು ಏಳುತ್ತಿದ್ದ.

ಹಿರೇಕೋಟೆಯ ಅರಮನೆಯ ಪಂಕ್ತಿಯಲ್ಲಿ ಇದನ್ನು ಮೊದಲು ಕಂಡವಳು ಎಂಜಲೆಲೆ ಎತ್ತುವ ಸಣ್ಣೀರಿ. ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ಕಂಡವನು ರಾಜ. ಅವನು ಊರಿಗೆಲ್ಲ ಡಂಗುರ ಹೊಡೆಸಿದ.

“ಕೇಳ್ರಪ್ಪೋ ಕೇಳಿ! ಕೆರೆನಾಡಿನಿಂದ ಓಡಿಬಂದ ನೀರುಗಂಟಿ ಗುಳ್ಳಯ್ಯನ ಮೇಲೆ ಮಹಾರಾಜರು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತದೆ. ಯಾರೂ ಬಿಡಿಸದೆ ಹೋದರೆ ಅವನ ಕೈಕಟ್ಟಿ ಅವನ ರಾಜನಿಗೇ ಒಪ್ಪಿಸಲಾಗುತ್ತದೆ!”

ಗುಳ್ಳಯ್ಯನ ವಿಷಯ ಎರಡು ರಾಜ್ಯಕ್ಕೂ ಗೊತ್ತಿತ್ತು. ಒಂದು ಮಳೆಗಾಲದಲ್ಲಿ ಕೆರೆನಾಡಿನ ಕೆರೆ ಉಕ್ಕಿ ಅಲ್ಲಿನ ರಾಜನ ಹೂದೋಟಕ್ಕೆ ನೀರು ನುಗ್ಗಿತು. ರಾಜ ಗುಟ್ಟಾಗಿ ದೊಡ್ಡ ತೂಬು ಎತ್ತಿಸಿದ. ತೋಟ ಉಳಿಯಿತು, ಏರಿಯ ಕೆಳಗಿನ ಕೆಳಗೇರಿ ಮುಳುಗಿತು. ದೇವಿಯ ಮುನಿಸು ಎಂದು ಸಾರಿಸಿ ರಾಜ ಕುರಿ ಕಡಿಸಿದ. ವರ್ಷ ಕಳೆದ ಮೇಲೆ, ಆ ಕೆರೆಯ ನೀರು ಕಾಯುತ್ತಿದ್ದ ಗುಳ್ಳಯ್ಯ ತುಂಬಿದ ಸಂತೆಯಲ್ಲಿ ನಿಂತು, “ದೇವಿಯಲ್ಲ, ರಾಜನ ಅಪ್ಪಣೆ!” ಎಂದು ಕೂಗಿ ಗಡಿ ದಾಟಿ ಬಂದಿದ್ದ. ಕೆಲವರು ಸತ್ಯವಂತ ಎಂದರು. ಹಲವರು ಉಂಡ ಮನೆಗೆ ಎರಡು ಬಗೆದವನು ಎಂದರು.

ಸಣ್ಣೀರಿ ಕೆಳಗೇರಿಯವಳು. ಅವಳ ಅವ್ವ, ತಮ್ಮ ಆ ನೀರಿನಲ್ಲೇ ಹೋದರು. ಅವತ್ತು ಅವಳು ಚಿಕ್ಕಮ್ಮನ ಊರಲ್ಲಿದ್ದಳು. ಆಮೇಲೆ ಹೊಟ್ಟೆಪಾಡಿಗೆ ಗಡಿ ದಾಟಿ ಈ ಅರಮನೆ ಸೇರಿದ್ದಳು.

ಸಭೆ ಸೇರಿತು. ಗುಳ್ಳಯ್ಯನನ್ನು ನಡುವೆ ಕೂರಿಸಿದರು. ಉತ್ತರ ನಿಜವಾದರೆ ತಲೆಯಾಡಿಸುತ್ತೇನೆ, ಸುಳ್ಳಾದರೆ ಅಲ್ಲ ಅನ್ನುತ್ತೇನೆ, ಬೇರೆ ಮಾತಾಡುವುದಿಲ್ಲ ಎಂದು ಅವನು ದೇವಿಯ ಕುಂಕುಮ ಮುಟ್ಟಿ ಆಣೆ ಮಾಡಿದ್ದ.

ರಾಜ ಕೇಳಿದ: “ತನ್ನ ರಾಜನ ಗುಟ್ಟನ್ನು ಸಂತೆಯಲ್ಲಿ ಬಿಚ್ಚಿದ ಬಾಯಿ ಇದು. ಆ ಕೆರೆಯ ಏರಿ ಎಲ್ಲಿ ಸಡಿಲ, ಎಲ್ಲಿ ಹೊಡೆದರೆ ಒಡೆಯುತ್ತದೆ ಅಂತ ನಾನು ಕೇಳಿದರೆ ಹೊಲಿದುಕೊಳ್ಳುತ್ತದೆ. ಅಲ್ಲಿ ತೆರೆದ ಬಾಯಿ ಇಲ್ಲೇಕೆ ಮುಚ್ಚಿತು?”

ದಂಡನಾಯಕನ ಮಗ ಮೀಸೆ ತಿರುವುತ್ತ ಎದ್ದ. “ಬೆಲೆ ಏರಲಿ ಅಂತ ಕಾಯ್ತಿದ್ದಾನೆ ಪ್ರಭು. ಸಂತೆ ಕಂಡವನಲ್ಲವೆ!”

ಸಭೆ ನಕ್ಕಿತು. ಗುಳ್ಳಯ್ಯ ಅಲ್ಲ ಅಂದ. ದಂಡನಾಯಕನ ಮಗನನ್ನು ಸೆರೆಮನೆಗೆ ಎಳೆದೊಯ್ದರು.

“ಹೋಗಲಿ, ಎರಡನೆಯದು. ನನ್ನ ಅನ್ನ ಉಣ್ಣುತ್ತಾನೆ, ನನ್ನ ಉಪ್ಪು ಮುಟ್ಟುವುದಿಲ್ಲ. ಇವನು ಯಾರ ಮನೆಯವನು?”

ವ್ಯಾಪಾರಿ ಪದ್ಮಣ್ಣ ಕೈಮುಗಿದ. “ಉಪ್ಪು ತಿಂದರೆ ಋಣ, ಮಹಾಸ್ವಾಮಿ. ನಿಮ್ಮ ಋಣ ಬೇಡ ಅನ್ನುವವನು ಇನ್ನೂ ಆ ರಾಜನ ಮನೆಯವನೇ. ಬೇಹುಗಾರ.”

ಇದಂತೂ ಸರಿ ಎಂದು ಸಭೆಗೆಲ್ಲ ಅನ್ನಿಸಿತು. ಗುಳ್ಳಯ್ಯ ಅದಕ್ಕೂ ಅಲ್ಲ ಅಂದ. ಪದ್ಮಣ್ಣನೂ ಸೆರೆಮನೆಗೆ ಹೋದ. ಮತ್ತೆ ಯಾರೂ ಏಳಲಿಲ್ಲ.

“ಹಾಗಾದರೆ ಹಗ್ಗ ತನ್ನಿ,” ಎಂದ ರಾಜ.

“ನಾನು ಹೇಳ್ಲಾ, ಬುದ್ಧಿ?”

ಬಾಗಿಲ ಬಳಿ ಎಂಜಲೆಲೆಯ ಬುಟ್ಟಿ ಹಿಡಿದು ಸಣ್ಣೀರಿ ನಿಂತಿದ್ದಳು.

“ಎಲೆ ಎತ್ತೋಳು ಒಗಟು ಎತ್ತೋಕೆ ಬಂದ್ಲು ನೋಡ್ರಯ್ಯಾ,” ಎಂದನೊಬ್ಬ. “ಬುಟ್ಟಿ ಇಳಿಸಿ ಮಾತಾಡೇ, ಎಂಜಲು ಸೋರ್ತಿದೆ!”

ಅವಳು ಬುಟ್ಟಿ ಇಳಿಸಿದಳು.

“ಅಲ್ಲಿ ಬಾಯಿ ತೆರೆದದ್ದು ಏರಿ ಕೆಳಗಿನವರಿಗೋಸ್ಕರ ಬುದ್ಧಿ. ಇಲ್ಲಿ ಮುಚ್ಚಿದ್ದೂ ಅವರಿಗೋಸ್ಕರವೇ. ನೀವು ಏರಿ ಒಡೆದ್ರೆ ಮುಳುಗೋನು ಆ ರಾಜನಲ್ಲ, ಇನ್ನೊಂದು ಕೆಳಗೇರಿ.”

ಗುಳ್ಳಯ್ಯನ ತಲೆ ಹೌದೆಂದು ಬಾಗಿತು. ರಾಜ ಕಂಬದ ಕಡೆ ನೋಡಿದ.

“ಉಪ್ಪು?”

“ಸೂತಕದವರು ಉಪ್ಪು ತಿನ್ನಲ್ಲ ಬುದ್ಧಿ. ಸತ್ತವರ ಮನೆಯವರೇ ಉಪ್ಪು ಬಡಿಸಿ ಸೂತಕ ಬಿಡಿಸಬೇಕು, ಅದು ನಮ್ಮ ಕೇರಿ ವಾಡಿಕೆ. ಇವನಿಗೆ ಯಾರೂ ಬಡಿಸಿಲ್ಲ. ಇವನು ಆ ರಾಜನ ಮನೆಯವನೂ ಅಲ್ಲ, ನಿಮ್ಮ ಮನೆಯವನೂ ಅಲ್ಲ. ಸತ್ತವರ ಮನೆಯವನು.”

“ಕೆಳಗೇರಿಯಲ್ಲಿ ಇವನ ನೆಂಟರು ಯಾರೂ ಇರಲಿಲ್ಲವಲ್ಲ!” ಎಂದ ರಾಜ.

ಗುಳ್ಳಯ್ಯ ಸಣ್ಣೀರಿಯ ಮಾತಿಗೆ ಹೌದೆಂದು ತಲೆ ತಗ್ಗಿಸಿದ. ಎತ್ತಲಿಲ್ಲ.

“ಸರಿ, ಕೊನೆಯದು,” ಎಂದ ರಾಜ ಮೆಲ್ಲಗೆ. “ಆ ರಾಜ ಇವನನ್ನು ಹೊಡೆಯಲಿಲ್ಲ, ಕೆಲಸ ಬಿಡಿಸಲಿಲ್ಲ. ನಾನು ಹಣದ ಆಸೆ ತೋರಿಸಲಿಲ್ಲ. ಮತ್ತೆ ಸಂತೆಯಲ್ಲಿ ಇವನ ಬಾಯಿ ಬಿಡಿಸಿದ್ದು ಏನು?”

ಸಣ್ಣೀರಿಗೆ ಅವ್ವ, ತಮ್ಮ ಹೋದ ಮೇಲಿನ ದಿನಗಳು ನೆನಪಾದವು. ಹನ್ನೊಂದನೆಯ ದಿನ ಚಿಕ್ಕಮ್ಮ ಉಪ್ಪು ಹಾಕಿ ಬಡಿಸಿದ್ದಳು. ತಾನು ಎರಡು ಸಲ ಹಾಕಿಸಿಕೊಂಡು ಉಂಡಿದ್ದಳು. ರುಚಿಯಾಗಿತ್ತು. ಮಗಳು ಬಿಟ್ಟ ಸೂತಕವನ್ನು ಕೇರಿಯವನಲ್ಲದವನೊಬ್ಬ ಇನ್ನೂ ಹಿಡಿದಿದ್ದಾನೆಂದರೆ... ಅವಳ ಕಣ್ಣು ಅವನ ಅಂಗೈಗೆ ಹೋಯಿತು. ಹೇಳದಿದ್ದರೆ ಇವನನ್ನು ಕಟ್ಟಿ ಒಯ್ಯುತ್ತಾರೆ. ಒಯ್ಯಲಿ ಅಂತ ಒಂದು ಗಳಿಗೆ ಅನ್ನಿಸಿತು.

“ಇವನ ಕೈ,” ಎಂದಳು. “ಅಪ್ಪಣೆ ರಾಜಂದು. ತೂಬು ಎತ್ತಿದ್ದು ಇದೇ ಕೈ.”

ಗುಳ್ಳಯ್ಯ ತಲೆಯಾಡಿಸಿದ.

ರಾಜ ಎದ್ದುನಿಂತ. “ಮೂರೂ ಬಿಡಿಸಿದೆ. ಏನು ಬೇಕು ಕೇಳು.”

“ಸೆರೆಯವರನ್ನ ಬಿಡಿ. ಏರಿ ವಿಷಯ ಇವನನ್ನ ಇನ್ನು ಕೇಳಬೇಡಿ.”

“ಆಗಲಿ. ನಿನಗೆ?”

“ಎಂಜಲು ಎತ್ತಿ ಸಾಕಾಗಿದೆ ಬುದ್ಧಿ. ಬಡಿಸೋ ಕೆಲಸ ಕೊಡಿ.”

ಅಡುಗೆಯವರು ಗೊಣಗಿದರು. ಆದರೆ ರಾಜನ ಮಾತು ನಡೆಯಿತು.

ಜನ ಚದುರಿದ ಮೇಲೆ ಅವಳು ಗುಳ್ಳಯ್ಯನ ಮುಂದೆ ನಿಂತಳು. “ಸಂತೇಲಿ ಕೂಗಿದ್ದು ನಮ್ಮವರಿಗೋಸ್ಕರವೋ, ನಿನ್ನ ಎದೆ ಹಗುರಾಗ್ಲಿ ಅಂತಲೋ?”

“ಆ ಒಗಟು ನಂಗೂ ಬಿಡಿಸೋಕೆ ಬಂದಿಲ್ಲ, ತಾಯಿ. ಹಗುರ ಮಾತ್ರ ಆಗ್ಲಿಲ್ಲ.”

ಮಾರನೆಯ ದಿನ ಪಂಕ್ತಿ ಕೂತಿತು. ಮೊದಲು ಬಡಿಸುವುದು ಉಪ್ಪು ಎನ್ನುವುದು ಆ ಕೆಲಸ ಕೇಳುವಾಗ ಸಣ್ಣೀರಿಗೆ ಹೊಳೆದಿರಲಿಲ್ಲ. ಒಬ್ಬೊಬ್ಬರ ಎಲೆಗೂ ಚಿಟಿಕೆ ಚಿಟಿಕೆ ಹಾಕುತ್ತ ಬಂದು ಗುಳ್ಳಯ್ಯನ ಎಲೆಯ ಮುಂದೆ ನಿಂತುಬಿಟ್ಟಳು.

“ಮುಂದೆ ನಡಿಯೇ ಹುಡುಗಿ, ಅನ್ನ ಆರುತ್ತೆ,” ಎಂದ ಹಿಂದೆ ಅನ್ನ ಬಡಿಸುತ್ತ ಬರುತ್ತಿದ್ದವನು.

ಅವಳ ಮುಷ್ಟಿಯೊಳಗೆ ಉಪ್ಪು ಒದ್ದೆಯಾಗುತ್ತಿತ್ತು. ಗುಳ್ಳಯ್ಯ ಕಿರುಬೆರಳನ್ನು ಎಲೆಯಿಂದ ಹಿಂದಕ್ಕೆಳೆದುಕೊಂಡು, ಆ ಪಂಕ್ತಿಯಲ್ಲಿ ಮೊದಲ ಸಲ ತಲೆ ಎತ್ತಿದ.

“ಒಂದೇ ಹರಳು ಸಾಕವ್ವ,” ಎಂದ. “ಹಾಕ್ತೀಯಾ?”