ವೀರಗಲ್ಲಿನ ಮನೆಯವಳು

ವೀರರ ದಿನದ ಉತ್ಸವ ನೋಡಿಕೊಂಡು ಮಠಕ್ಕೆ ಮರಳಿದ ಶಿಷ್ಯನು ಗುರುಗಳನ್ನು ಕೇಳಿದನು: "ಯುದ್ಧದಲ್ಲಿ ಮಡಿದವರಿಗೆ ನಮ್ಮ ಡೊಳ್ಳಿನ ಸದ್ದು ಕೇಳಿಸದು, ನಾವಿಟ್ಟ ಎಡೆ ಮುಟ್ಟದು. ಹಾಗಿರುವಾಗ ವರ್ಷಕ್ಕೊಂದು ದಿನ ಊರೆಲ್ಲ ಕೆಲಸ ಬಿಟ್ಟು ಅವರನ್ನು ನೆನೆಯುವುದರ ಅರ್ಥವೇನು, ಗುರುಗಳೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದನು. ಗಡಿಯಲ್ಲಿ ಯುದ್ಧ ಹತ್ತಿದಾಗ ಅವನೂ ದಂಡಿಗೆ ಸೇರಿದನು. ಹೊಳೆಯ ದಡದಲ್ಲಿ ಶತ್ರುಗಳನ್ನು ತಡೆಯುತ್ತ ಮಡಿದನು. ಊರು ಉಳಿಯಿತು. ಊರವರು ಅವನ ಹೆಸರಿನಲ್ಲಿ ವೀರಗಲ್ಲು ನಿಲ್ಲಿಸಿದರು. ಪ್ರತಿವರ್ಷ ಅವನು ಮಡಿದ ದಿನ ಯಾರೂ ನೇಗಿಲು ಹೂಡಬಾರದು, ಅಂಗಡಿ ತೆರೆಯಬಾರದು ಎಂದು ಕಟ್ಟಳೆ ಮಾಡಿದರು.

ಆ ದಿನ ಅವನ ಹೆಂಡತಿಯನ್ನು ಕಲ್ಲಿನ ಪಕ್ಕದಲ್ಲಿ ಮಣೆ ಹಾಕಿ ಕೂರಿಸುತ್ತಿದ್ದರು. ಸೀರೆ ಉಡುಗೊರೆ ಕೊಡುತ್ತಿದ್ದರು. ಅವನು ಸಿಂಹದಂತೆ ಕಾದಿದನೆಂದು ಹಿರಿಯರು ಹೊಗಳುತ್ತಿದ್ದರು. ವೀರನ ಮಡದಿ ಕಣ್ಣೀರು ಹಾಕಬಾರದೆಂದು ಮೊದಲ ವರ್ಷವೇ ಯಾರೋ ಹೇಳಿದ್ದರು. ಅವಳು ಹಾಕಲಿಲ್ಲ.

ಉಳಿದ ದಿನಗಳಲ್ಲಿ ಅವಳೇ ಗಾಣ ನಡೆಸುತ್ತಿದ್ದಳು. ಎಣ್ಣೆಗೆ ಬಂದವರು ತಗ್ಗಿದ ದನಿಯಲ್ಲಿ ಕೇಳಿ, ತೆಗೆದುಕೊಂಡು ಹೋಗುತ್ತಿದ್ದರು. ಅವಳು ಬಾವಿಗೆ ಬಂದರೆ ಹೆಂಗಸರ ನಗು ನಿಲ್ಲುತ್ತಿತ್ತು. ಬದಿಗೆ ಸರಿದು ದಾರಿ ಬಿಡುತ್ತಿದ್ದರು. ಅವಳೊಡನೆ ಯಾರೂ ಹರಟುತ್ತಿರಲಿಲ್ಲ, ಜಗಳವನ್ನೂ ಆಡುತ್ತಿರಲಿಲ್ಲ. ಅವಳು ಗಂಡನ ಮಾತೆತ್ತಿದರೆ ಕೈ ಮುಗಿಯುತ್ತಿದ್ದರು. ಕೈ ಮುಗಿದು ನಿಂತವರಿಗೆ ಮುಂದೇನು ಹೇಳುವುದೆಂದು ತಿಳಿಯದೆ ಅವಳು ಕೊಡ ಎತ್ತಿಕೊಂಡು ಮನೆಗೆ ಬರುತ್ತಿದ್ದಳು.

ಒಂದು ವರ್ಷ ಪೂಜೆ ಮುಗಿದು ಜನರೆಲ್ಲ ಊಟಕ್ಕೆ ಎದ್ದ ಮೇಲೆ, ಅಪರಿಚಿತನೊಬ್ಬ ಕುಂಟುತ್ತ ಬಂದು ಕಲ್ಲಿನೆದುರು ನಿಂತನು. ಕಲ್ಲಿನಲ್ಲಿ ಕೆತ್ತಿದ್ದ ಕತ್ತಿ ಹಿಡಿದ ಗಂಡಸನ್ನು ಬಹಳ ಹೊತ್ತು ನೋಡಿ, "ಇದು ಅವನ ಹಾಗಿಲ್ಲ" ಎಂದನು.

"ನೀವು ಅವರನ್ನು ಬಲ್ಲಿರಾ?" ಎಂದು ಅವಳು ಕೇಳಿದಳು.

"ದಂಡಿನಲ್ಲಿ ಒಟ್ಟಿಗಿದ್ದೆವು, ತಾಯಿ. ನಮ್ಮೂರಿನಲ್ಲಿ ಅವನನ್ನು ಬಲ್ಲವರು ಯಾರೂ ಇಲ್ಲ. ಅವನ ಮಾತನ್ನು ಯಾರೊಡನೆ ಆಡಲಿ? ಅದಕ್ಕೇ ನಡೆದು ಬಂದೆ."

ಅವಳು ಮಣೆಯಿಂದ ಎದ್ದಳು. "ಕೊನೆಗೆ ಏನೆಂದರು?"

"ಕೊನೆಗೆ ಮಾತಾಡಲು ಹೊತ್ತೆಲ್ಲಿತ್ತು? ಹಿಂದಿನ ಸಂಜೆ ಸಾರಿಗೆ ಉಪ್ಪು ಸಾಲದೆಂದು ಅಡುಗೆಯವನ ಮೇಲೆ ಸಿಡುಕಿದ. ಆಮೇಲೆ ಪಾಪ ಎನಿಸಿ ಅವನ ಪಾತ್ರೆಗಳನ್ನೆಲ್ಲ ತಾನೇ ತೊಳೆದುಕೊಟ್ಟ."

"ಮನೆಯಲ್ಲೂ ಅಷ್ಟೇ. ಎಷ್ಟು ಹಾಕಿದರೂ ಸಾಲದು ಅನ್ನುತ್ತಿದ್ದರು" ಎಂದು ಅವಳು ನಕ್ಕಳು. ನಗುತ್ತಲೇ ಅಳು ಬಂತು. ಕಲ್ಲು ನಿಂತ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅವನು ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತು ತಾನೂ ಕಣ್ಣೊರೆಸಿಕೊಂಡನು.

ಅವಳು ಅವನನ್ನು ಮನೆಗೆ ಕರೆದು ಬಡಿಸಿ, ತಾನೂ ಎದುರಿಗೆ ಎಲೆ ಹಾಕಿಕೊಂಡಳು. ಉಣ್ಣುತ್ತ ಅವನು ಒಂದು ಹೇಳಿದನು, ಬಡಿಸುತ್ತ ಅವಳು ಇನ್ನೊಂದು ಹೇಳಿದಳು. ಹೊತ್ತು ಮುಳುಗುವ ಮುನ್ನ ಅವನು ತನ್ನೂರಿನ ದಾರಿ ಹಿಡಿದನು. ಅವನು ಕಣ್ಮರೆಯಾಗುವವರೆಗೂ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಇಬ್ಬರ ಎಲೆಗಳನ್ನೂ ತಾನೇ ಎತ್ತಿದಳು.

ಕತೆ ನಿಂತಿತು. ಶಿಷ್ಯನು, "ಪಾಪ, ಆ ಊರಿನವರಿಗೆ ಆ ದಿನದ ಅರ್ಥ ತಿಳಿಯಲೇ ಇಲ್ಲ" ಎಂದನು.

ಗುರುಗಳು ಕೇಳಿದರು: "ಇವತ್ತು ನೀನು ಕೈಮುಗಿದು ಬಂದ ಕಲ್ಲಿನವನ ಮನೆಯಲ್ಲಿ ಈಗ ಯಾರಿದ್ದಾರೆ?"